ಬ್ಯಾಟರಿ ಸೋಲಾರ್, ಆನ್‌ಗ್ರಿಡ್ ಸೋಲಾರ್: ಎರಡನ್ನೂ ಬಳಸಿದ ಮೇಲೆ

ತುಮಕೂರಿನ ನಮ್ಮ ಮನೆ ಮೇಲೆ ಮೊದಲು ಇದ್ದದ್ದು 1 ಕಿಲೋವ್ಯಾಟ್‌ನ ಬ್ಯಾಟರಿ ಸೋಲಾರ್. ಈಗಿರುವುದು 3 ಕಿಲೋವ್ಯಾಟ್ ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನ್‌ಗೆ ಸೇರಿಸಿದ ಸೋಲಾರ್. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಆನ್‌ಗ್ರಿಡ್‌ಗೆ.

ಹಳೆಯದರಲ್ಲಿ ಪ್ಯಾನೆಲ್ ಒಂದು ದಿನವೂ ತೊಂದರೆ ಕೊಡಲಿಲ್ಲ. ಕಾಟವೆಲ್ಲ ಮೆಟ್ಟಿಲ ಕೆಳಗಿದ್ದ ಎರಡು ಬ್ಯಾಟರಿಗಳದ್ದು. ಡಿಸ್ಟಿಲ್ಡ್ ವಾಟರ್ ಹಾಕಬೇಕು, ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದರೆ ಬಿಸಿನೀರು ಹಾಕಿ ಉಜ್ಜಿ ವ್ಯಾಸಲೀನ್ ಹಚ್ಚಬೇಕು. ಐದನೇ ವರ್ಷದ ಹೊತ್ತಿಗೆ ರಾತ್ರಿ ಎರಡು ಫ್ಯಾನ್ ಹಾಕಿದರೆ ಅರ್ಧ ಗಂಟೆಗೆಲ್ಲ ಕುಯ್ಯೋ ಅಂತ ಕೂಗಿ ಆಫ್ ಆಗುತ್ತಿತ್ತು. ಹೊಸ ಜೋಡಿಗೆ 30 ಸಾವಿರದ ಮೇಲೆ ಹೇಳಿದರು. ಬ್ಯಾಟರಿ ತುಂಬಿದ ಮೇಲೆ ಬಿದ್ದ ಬಿಸಿಲಂತೂ ಸುಮ್ನೆ ದಂಡ.

ಆನ್‌ಗ್ರಿಡ್‌ನಲ್ಲಿ ಹೆಚ್ಚಾದ ಕರೆಂಟ್ ಲೈನ್‌ಗೆ ಹೋಗುತ್ತದೆ, ಅದನ್ನು ಕಳೆದು ಬಿಲ್ ಬರುತ್ತದೆ. ಫಿಕ್ಸೆಡ್ ಚಾರ್ಜ್ ಮಾತ್ರ ತಪ್ಪಲ್ಲ.

ಆದರೆ ಒಂದು ವಿಷಯ ಹಾಕಿದವರು ನನಗೆ ಬಾಯಿಬಿಟ್ಟು ಹೇಳಲಿಲ್ಲ. ಕರೆಂಟ್ ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ! ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದು ಗಂಟೆ, ತಾರಸಿಯಲ್ಲಿ ಕಾಲಿಡೋಕೆ ಆಗದಂಥ ಬಿಸಿಲು, ಕೆಳಗೆ ಅಮ್ಮ ಬೀಸಣಿಗೆ ಹಿಡಿದು ಕೂತಿದ್ದಾರೆ. ಇನ್ವರ್ಟರ್ ಕೆಟ್ಟಿತು ಅಂತಲೇ ಫೋನ್ ಮಾಡಿದೆ. ಕೆಟ್ಟಿರಲಿಲ್ಲ, ಅದು ಇರುವುದೇ ಹಾಗೆ. ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ಮನೆಯಿಂದ ಕರೆಂಟ್ ಲೈನ್‌ಗೆ ಹೋದರೆ ಅವರ ಜೀವಕ್ಕೇ ಅಪಾಯ ಅಲ್ವಾ? ಕಾರಣ ತಿಳಿದ ಮೇಲೆ ಸಿಟ್ಟು ಇಳಿಯಿತು. ಆದರೆ ದುಡ್ಡು ಕೊಡುವ ಮೊದಲೇ ಇದು ನನಗೆ ಗೊತ್ತಿರಬೇಕಿತ್ತು. ಕೊನೆಗೆ ಫ್ಯಾನ್, ಲೈಟಿಗೆ ಅಂತ ಒಂದೇ ಬ್ಯಾಟರಿಯ ಯುಪಿಎಸ್ ತಂದೆ.

ಖರ್ಚು: 1.95 ಲಕ್ಷ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ವಾಪಸ್ ಬಂತು. ಲೈನ್‌ಗೆ ಸೇರದ ಬ್ಯಾಟರಿ ಸೋಲಾರ್‌ಗೆ ಈ ಸಬ್ಸಿಡಿ ಇಲ್ಲ. ಬೋರ್ ಮೋಟರ್, ಎಲೆಕ್ಟ್ರಿಕ್ ಸ್ಕೂಟರ್ ಎಲ್ಲ ಸೇರಿ ನಮ್ಮದು ತಿಂಗಳಿಗೆ 300 ಯೂನಿಟ್ ದಾಟುವ ಮನೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ ಆರು ವರ್ಷದೊಳಗೆ ಹಾಕಿದ ದುಡ್ಡು ಬರುತ್ತದೆ. ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಈಗಲೇ ಸಾಲ ಮಾಡಿ ಹಾಕಿಸಬೇಡಿ.

ಶಿರಾ ಕಡೆ ಹಳ್ಳಿಯಲ್ಲಿರುವ ನಮ್ಮಕ್ಕನಿಗೆ ಮಾತ್ರ ಬೇರೆ ಲೆಕ್ಕ ಹೇಳಿದೆ. ಅಲ್ಲಿ ಹಗಲಲ್ಲೇ ಮೂರು ನಾಲ್ಕು ಗಂಟೆ ಕರೆಂಟ್ ಇರಲ್ಲ. "ನೀನು ಬ್ಯಾಟರಿಯದ್ದೇ ಹಾಕಿಸ್ಕೊ ಅಕ್ಕ" ಅಂತ ಹೇಳಿ, ನಮ್ಮ ಹಳೇ ಪ್ಯಾನೆಲ್‌ಗಳನ್ನು ಒರೆಸಿ ಅವಳ ಮನೆಗೇ ಕಳಿಸಿಕೊಟ್ಟೆ.