ಕ್ಲಾರಿನೆಟ್ ಮಾದರಿಗಳು: ಕ್ಯಾಟಲಾಗ್ ಹೇಳುವುದೆಷ್ಟು, ಕಿವಿ ಒಪ್ಪುವುದೆಷ್ಟು

ನನ್ನಲ್ಲಿ ಮೂರು ವರ್ಷಗಳಿಂದ ಕಲಿಯುತ್ತಿರುವ ಹುಡುಗಿಯೊಬ್ಬಳಿಗೆ ಸ್ವಂತ ಕ್ಲಾರಿನೆಟ್ ಕೊಡಿಸಲು ಅವಳ ತಂದೆಯವರು ನಿರ್ಧರಿಸಿ, ಆಯ್ಕೆಯ ಹೊಣೆಯನ್ನು ನನಗೇ ವಹಿಸಿದರು. ಹಾಗಾಗಿ ಎರಡು ದಿನ ಬೆಂಗಳೂರಿನ ಒಂದು ವಾದ್ಯದಂಗಡಿಯಲ್ಲಿ ಕುಳಿತು ಯಮಾಹಾದ 255, 450 ಮತ್ತು ಬುಫೆ ಕ್ರಾಂಪೋನ್‌ನ ಇ13, ಆರ್13 ಮಾದರಿಗಳನ್ನು ನುಡಿಸಿ ನೋಡಿದೆ. 450ರಲ್ಲಿ ಬೆಳ್ಳಿ ಲೇಪದ ಕೀಗಳದ್ದೊಂದು (ಕೀ ಎಂದರೆ ರಂಧ್ರವನ್ನು ಮುಚ್ಚಿ ತೆರೆಯಲು ಬೆರಳಿನಿಂದ ಒತ್ತುವ ಲೋಹದ ಸನ್ನೆ), ನಿಕಲ್ ಲೇಪದ್ದೊಂದು ಸಿಕ್ಕಿದ್ದು ಅದೃಷ್ಟ. ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಹೊಗಳುವ ಕಾಗದವಿತ್ತು: ಒಂದರದು ಬೆಚ್ಚನೆಯ ನಾದ, ಇನ್ನೊಂದರದು ಗಾಢ ನಾದ, ಮತ್ತೊಂದರದು ದುಂಡು ನಾದ. ಈ ವಿಶೇಷಣಗಳಲ್ಲಿ ಯಾವುದಕ್ಕೆ ವಾದ್ಯದೊಳಗೆ ನಿಜವಾದ ಕಾರಣವಿದೆ, ಯಾವುದಕ್ಕೆ ಇಲ್ಲ ಎಂಬುದನ್ನು ತಿಳಿಯದೆ ಹಣ ಕೊಡುವವರು ಅನೇಕರಿರುವುದರಿಂದ, ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಲೇಪದ ವಿಷಯ. ಬೆಳ್ಳಿ ಲೇಪದ ಕೀಗಳಿಂದ ನಾದ ಮೃದುವಾಗುತ್ತದೆ ಎಂದು ಅಂಗಡಿಯ ಮಾರಾಟಗಾರರೊಬ್ಬರು ನನಗೆ ಬಹಳ ವಿಶ್ವಾಸದಿಂದ ಹೇಳಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಕ್ಲಾರಿನೆಟ್ಟಿನೊಳಗೆ ಕಂಪಿಸುವುದು ಗಾಳಿಯ ಕಂಬ. ರಂಧ್ರವನ್ನು ಮುಚ್ಚಿ ಅದಕ್ಕೆ ಎದುರಾಗುವುದು ಕೀಯ ಅಡಿಯ ಮೆತ್ತೆಯಾದ ಪ್ಯಾಡೇ ಹೊರತು ಕೀಯ ಮೇಲಿನ ಹೊಳಪಲ್ಲ. ಗೆಳೆಯರೊಬ್ಬರು ನನ್ನ ಬೆನ್ನ ಹಿಂದೆ ನಿಂತು ಒಂದೇ ಮೌತ್‌ಪೀಸ್ (ಬಾಯಿಗಿಡುವ ಭಾಗ), ಒಂದೇ ರೀಡ್ (ಅದಕ್ಕೆ ಕಟ್ಟುವ, ಕಂಪಿಸುವ ತೆಳು ಪಟ್ಟಿ) ಬಳಸಿ ಎರಡೂ 450ಗಳನ್ನು ಅದಲುಬದಲಾಗಿ ನುಡಿಸಿದಾಗ ಯಾವುದು ಯಾವುದೆಂದು ನಾನು ಹೇಳಲಾರದೆ ಹೋದೆ. ಆದರೆ ಬೆರಳಿಗೆ ವ್ಯತ್ಯಾಸ ನಿಶ್ಚಯವಾಗಿಯೂ ಇದೆ. ನಿಕಲ್ ಗಟ್ಟಿಯಾದದ್ದು, ಹೊಳಪು ಬೇಗ ಮಾಸುವುದಿಲ್ಲ, ಆದರೆ ಬೆವರಿದ ಬೆರಳು ಅದರ ಮೇಲೆ ಜಾರುತ್ತದೆ, ಮತ್ತು ಕೆಲವರ ಚರ್ಮಕ್ಕೆ ನಿಕಲ್ ಒಗ್ಗುವುದಿಲ್ಲ. ಬೆಳ್ಳಿ ಬೆರಳಿಗೆ ಹಿಡಿತ ಕೊಡುತ್ತದೆ, ಆದರೆ ಕಪ್ಪಾಗುತ್ತದೆ, ಒರೆಸುತ್ತಿರಬೇಕಾಗುತ್ತದೆ. ಬೇಸಿಗೆಯಲ್ಲಿ ಬೆವರು ಆರದ ಮಂಗಳೂರಿನಂಥ ಊರಿನಲ್ಲಿ ನುಡಿಸುವವರಿಗೆ ಈ ಒಂದು ಕಾರಣಕ್ಕೆ ನಾನು ಬೆಳ್ಳಿಯನ್ನೇ ಸೂಚಿಸುತ್ತೇನೆ.

ಎರಡನೆಯದು ಮರ. 255ರ ಮೈ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಉಳಿದವು ಗ್ರೆನಡಿಲ್ಲಾ ಮರದವು. ಟಾಂಜಾನಿಯಾ, ಮೊಜಾಂಬಿಕ್ ಕಡೆಗಳಿಂದ ಬರುವ ಈ ಮರ ನಮ್ಮ ಮಲೆನಾಡಿನ ಬೀಟೆಯ ಕುಲದ್ದೇ, ಡಾಲ್ಬರ್ಜಿಯಾ. ಬಹಳ ಸಾಂದ್ರವಾದದ್ದು, ನೀರಿಗೆ ಹಾಕಿದರೆ ಮುಳುಗುತ್ತದೆ, ರಂಧ್ರಗಳ ಅಂಚನ್ನು ನಯವಾಗಿ ಕೊರೆಸಿಕೊಳ್ಳುತ್ತದೆ. ಈ ಗುಣಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮರವೇ ನಾದವನ್ನು ಬೆಚ್ಚಗೆ ಮಾಡುತ್ತದೆ ಎಂಬ ಮಾತಿಗೆ ಧ್ವನಿಶಾಸ್ತ್ರಜ್ಞರ ಬೆಂಬಲ ಸಿಗುವುದು ಕಷ್ಟ. ಗಾಳಿವಾದ್ಯದ ಗೋಡೆಯ ಕಂಪನ ನಾದಕ್ಕೆ ಸೇರಿಸುವುದು ಗಣನೆಗೆ ಬಾರದಷ್ಟು ಅಲ್ಪ ಎಂದು ಜಾನ್ ಬ್ಯಾಕಸ್ 1964ರಲ್ಲಿಯೇ ತೋರಿಸಿದರು. 1971ರಲ್ಲಿ ಜಾನ್ ಕೋಲ್ಟ್‌ಮನ್ ಒಂದೇ ಒಳಅಳತೆಯ ಮೂರು ಕೊಳಲುಗಳನ್ನು ಬೆಳ್ಳಿ, ತಾಮ್ರ ಮತ್ತು ಮರದಲ್ಲಿ ಮಾಡಿಸಿ ನುಡಿಸಿ ಕೇಳಿಸಿದಾಗ ಕೇಳುಗರಿಗಾಗಲಿ ವಾದಕರಿಗಾಗಲಿ ಅವುಗಳನ್ನು ಗುರುತಿಸಲು ಆಗಲಿಲ್ಲ. ಅಂಗಡಿಯಲ್ಲಿ 255ಕ್ಕೂ 450ಕ್ಕೂ ನನಗೆ ಸ್ವಲ್ಪ ವ್ಯತ್ಯಾಸ ಕೇಳಿಸಿತು, ನಿಜ. ಆದರೆ ಆ ಎರಡು ವಾದ್ಯಗಳಲ್ಲಿ ಮರದ ಜೊತೆಗೆ ರಂಧ್ರಗಳ ಕೆಲಸವೂ ಪ್ಯಾಡುಗಳ ಕೂರಿಕೆಯೂ ಬೇರೆಯಾಗಿರುವಾಗ, ಕೇಳಿಸಿದ ವ್ಯತ್ಯಾಸವನ್ನೆಲ್ಲ ಮರದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಮರದ ವಿಷಯದಲ್ಲಿ ಕ್ಯಾಟಲಾಗ್ ದೊಡ್ಡ ಅಕ್ಷರದಲ್ಲಿ ಹೇಳಬೇಕಾದ ಮಾತು ಬೇರೆಯೇ ಇದೆ, ಅದು ಬಿರುಕು. ಹೊಸ ಮರದ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಮಾತ್ರ ನುಡಿಸಿ, ಒಳಗಿನ ತೇವವನ್ನು ಬಟ್ಟೆಯಿಂದ ಒರೆಸಿಟ್ಟು ಹದಗೊಳಿಸಬೇಕು. ಮಳೆಗಾಲದಲ್ಲಿ ಜೋಡಣೆಗಳು ಉಬ್ಬಿ ಬಿಗಿಯಾಗುತ್ತವೆ, ಕಲಬುರಗಿಯಂಥ ಒಣ ಹವೆಯಲ್ಲಿ ಮರ ಕುಗ್ಗಿ ಲೋಹದ ಉಂಗುರಗಳು ಸಡಿಲವಾಗುತ್ತವೆ. ಬುಫೆ 1994ರಲ್ಲಿ ತಂದ ಗ್ರೀನ್‌ಲೈನ್ ಈ ತೊಂದರೆಗೆ ಕೊಟ್ಟ ಉತ್ತರ: ನೂರಕ್ಕೆ 95 ಭಾಗ ಅದೇ ಮರದ ಪುಡಿ, 5 ಭಾಗ ಇಂಗಾಲದ ನಾರು. ಹವೆಗೆ ಬಿರುಕು ಬಿಡದ, ಆರ್13ರ ಒಳ ಆಕಾರವನ್ನೇ ಉಳಿಸಿಕೊಂಡ ಆ ವಾದ್ಯ ಮದುವೆ ಮೆರವಣಿಗೆಯ ಬಿಸಿಲಿನಲ್ಲೂ ನುಡಿಸುವವರಿಗೆ ಗಂಭೀರವಾಗಿ ಯೋಚಿಸತಕ್ಕದ್ದು. ಕೆಳಗೆ ಬಿದ್ದರೆ ಜೋಡಣೆಯ ಭಾಗ ಮುರಿಯಬಹುದು ಎಂಬ ಎಚ್ಚರವಂತೂ ಇರಬೇಕು.

ಹಾಗಾದರೆ ಮೇಲ್ದರ್ಜೆಯ ವಾದ್ಯದಲ್ಲಿ ನಿಜವಾಗಿ ಬೇರೆಯಾಗಿರುವುದು ಯಾವುದು? ನನ್ನ ದೃಷ್ಟಿಯಲ್ಲಿ ಬೋರ್, ಅಂದರೆ ಒಳಗಿನ ಕೊಳವೆಯ ಆಕಾರ. ಕ್ಲಾರಿನೆಟ್ ಒಂದು ಕಡೆ ಮುಚ್ಚಿದ ಕೊಳವೆಯಂತೆ ವರ್ತಿಸುವುದರಿಂದ ಕೊಳಲಿನಂತೆ ಅಷ್ಟಮಕ್ಕೆ, ಎಂದರೆ ತಾರಷಡ್ಜಕ್ಕೆ ಜಿಗಿಯದೆ ಹನ್ನೆರಡನೆಯ ಸ್ವರಕ್ಕೆ, ಎಂದರೆ ತಾರಸ್ಥಾಯಿಯ ಪಂಚಮಕ್ಕೆ ಜಿಗಿಯುತ್ತದೆ. ಹೆಬ್ಬೆರಳಿನ ಬಳಿಯ ಒಂದೇ ಚಿಕ್ಕ ರಂಧ್ರ ಈ ಜಿಗಿತಕ್ಕೂ ಬೇಕು, ನಡುವಿನ ಬಿ ಫ್ಲಾಟ್ ಸ್ವರಕ್ಕೂ ಬೇಕು. ಎರಡು ಕೆಲಸಕ್ಕೂ ಒಪ್ಪುವ ಜಾಗವಿಲ್ಲದ್ದರಿಂದ ಕೆಳಗಿನ ಸ್ವರ ಶ್ರುತಿಗೆ ಕೂತರೆ ಅದರ ಮೇಲಿನ ಜೊತೆಗಾರ ತಪ್ಪುತ್ತದೆ. 1955ರಲ್ಲಿ ಬುಫೆಯ ವಿನ್ಯಾಸಕಾರ ರಾಬರ್ಟ್ ಕಾರೆ ಮೇಲ್ದರ್ಜೆಯ ಆರ್13ನ್ನು ರೂಪಿಸಿದಾಗ ಬೇರೆ ಬೇರೆ ವ್ಯಾಸದ ಕೊಳವೆಗಳನ್ನು ಮೆಟ್ಟಿಲಿನಂತೆ ಸೇರಿಸಿ ಈ ತಪ್ಪನ್ನು ಹಂಚಿ ತಗ್ಗಿಸಿದರು. ಇದು ಶ್ರುತಿಯಂತ್ರದಲ್ಲಿ ಕಾಣುವ ವ್ಯತ್ಯಾಸ, ತುಟಿಗೆ ತಿಳಿಯುವ ವ್ಯತ್ಯಾಸ. ಆರ್13ರಲ್ಲಿ ಮೇಲಿನ ಸ್ವರಗಳನ್ನು ತಿದ್ದಲು ನಾನು ತುಟಿಯನ್ನು ಅಷ್ಟು ಬಿಗಿಹಿಡಿಯಬೇಕಾಗಲಿಲ್ಲ. ರಂಧ್ರಗಳ ಒಳಅಂಚನ್ನು ಕೈಯಿಂದ ಕೆರೆದು ಹದ ಮಾಡುವ ಕೆಲಸವೂ ಇದಕ್ಕೆ ಸೇರಿದ್ದು. ಕೈಕೆಲಸವಾದ್ದರಿಂದಲೇ ಒಂದೇ ಮಾದರಿಯ ಎರಡು ವಾದ್ಯ ಒಂದೇ ರೀತಿ ಇರುವುದಿಲ್ಲ. ಮಾದರಿಯ ಹೆಸರನ್ನಷ್ಟೇ ನೋಡಿ ತರಿಸಿಕೊಳ್ಳಬೇಡಿರಿ, ನುಡಿಸಿಯೇ ಆರಿಸಿರಿ.

440 ಮತ್ತು 442 ಎಂಬ ಸಂಖ್ಯೆಗಳ ಕಡೆಗೂ ಗಮನ ಬೇಕು. ವಾದ್ಯವನ್ನು ಯಾವ ಶ್ರುತಿಗೆ ಹೊಂದಿಸಲಾಗಿದೆ, ಎಂದರೆ ಅದರ ‘ಎ’ ಸ್ವರ ಸೆಕೆಂಡಿಗೆ ಎಷ್ಟು ಕಂಪನದ್ದು ಎಂಬುದನ್ನು ಇವು ಹೇಳುತ್ತವೆ. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ, ಶ್ರುತಿಯೂ ಏರುತ್ತದೆ. ಯುರೋಪಿನ ಸಭಾಂಗಣಕ್ಕೆ ಹೊಂದಿಸಿದ 442ರ ವಾದ್ಯವನ್ನು ನಮ್ಮ ಏಪ್ರಿಲ್ ತಿಂಗಳಲ್ಲಿ ನುಡಿಸಿದರೆ ಬ್ಯಾರೆಲ್ಲನ್ನು (ಮೌತ್‌ಪೀಸಿನ ಕೆಳಗಿನ ಗಿಡ್ಡ ತುಂಡನ್ನು) ಎಷ್ಟು ಹೊರಗೆಳೆದರೂ ಸಾಲದೆ, ಎಳೆದಷ್ಟೂ ಒಳಗಿನ ಸ್ವರಾಂತರಗಳು ಕೆಡುತ್ತವೆ. 440ರ ವಾದ್ಯ, 66 ಮಿಲಿಮೀಟರಿನ ಬ್ಯಾರೆಲ್ ನಮ್ಮ ಹವೆಗೆ ಸರಿ.

ರಾಯಚೂರಿನ ನರಸಿಂಹಲು ವಡವಾಟಿಯವರಂಥ ಹಿರಿಯರು ಈ ವಾದ್ಯದಲ್ಲಿ ಹಿಂದೂಸ್ತಾನಿ ರಾಗವನ್ನು ನುಡಿಸಿ ತೋರಿಸಿದ್ದಾರೆ. ಆದರೂ ಬೆರಳನ್ನು ರಂಧ್ರದ ಮೇಲೆ ಜಾರಿಸಿ ಮೀಂಡ್ ಅಥವಾ ಗಮಕ ತೆಗೆಯುವವನಿಗೆ ಯಾವ ಮಾದರಿ ಅನುಕೂಲ ಎಂಬ ಒಂದು ಸಾಲು ನಾನು ಓದಿದ ಯಾವ ಕಾಗದದಲ್ಲೂ ಇರಲಿಲ್ಲ. ಇದು ನನಗೆ ನೋವಿನ ಸಂಗತಿ.

ಕೊನೆಗೆ ಕೊಂಡದ್ದು ಬೆಳ್ಳಿ ಲೇಪದ 450. ಇ13ರ ಕೀಗಳು ನನಗೆ ಹೆಚ್ಚು ಇಷ್ಟವಾದವು, ಆದರೆ ಅಲ್ಲಿದ್ದ ಆ ಒಂದು ವಾದ್ಯದ ನಡುಸ್ವರಗಳು ಶ್ರುತಿಗೆ ಕೂರಲಿಲ್ಲ. ಉಳಿದ ಹಣದಲ್ಲಿ ವಾಂಡೊರೆನ್ 5ಆರ್‌ವಿ ಲೈರ್ ಮೌತ್‌ಪೀಸ್ ತೆಗೆದುಕೊಂಡೆವು. ಅದರ ತುದಿಗೂ ರೀಡಿಗೂ ನಡುವಿನ ತೆರಪು 1.095 ಮಿಲಿಮೀಟರ್, ಅದೇ ಕಂಪನಿಯ ಇನ್ನೊಂದು ಮೌತ್‌ಪೀಸ್ ಬಿ45ರದು 1.195, ಕೂದಲೆಳೆಯಷ್ಟಿರುವ ಈ ಅಂತರ ನಾದವನ್ನು ಬದಲಿಸಿದಷ್ಟು ಮರವೂ ಲೇಪವೂ ಬದಲಿಸಲಿಲ್ಲ. ಸೋರುತ್ತಿದ್ದ ಎರಡು ಪ್ಯಾಡುಗಳನ್ನು ರಿಪೇರಿಯವರಲ್ಲಿ ಬದಲಾಯಿಸಿಕೊಂಡ ಮೇಲೆ ಹುಡುಗಿ ಕೆಳಗಿನ ಸ್ವರಗಳನ್ನು ತಡವರಿಸದೆ ನುಡಿಸುತ್ತಿದ್ದಾಳೆ.