ಇಲ್ಲದ ಮೋಟಾರಿಗೆ 9,500 ರೂಪಾಯಿ: ಹಳೆಯ ಸ್ಪೋರ್ಟ್ಸ್ ಕಾರಿನ ಡಿಕ್ಕಿ ಸಿಕ್ಕಿಕೊಂಡವರೇ, ಜಾಗ್ರತೆ

ಮಂಗಳೂರಿನಲ್ಲಿ ಹಳೆಯ ಜಪಾನ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕಾರಿನ ಡಿಕ್ಕಿ ತೆರೆಯಲಿಲ್ಲ, ಅಷ್ಟೇ. ಇಂಜಿನ್ ಕೆಟ್ಟಿರಲಿಲ್ಲ, ಗೇರ್ ಹೋಗಿರಲಿಲ್ಲ. ಬರೀ ಡಿಕ್ಕಿಗೆ 16,800 ರೂಪಾಯಿ ತೆತ್ತಿದ್ದೇನೆ. ಅದರಲ್ಲಿ 9,500 ರೂಪಾಯಿ ಡಿಕ್ಕಿಯ ಲಾಕ್ ತೆರೆಯುವ ಒಂದು ಮೋಟಾರಿಗೆ. ಆ ಮೋಟಾರ್ ನನ್ನ ಕಾರಿನಲ್ಲಿ ಇಲ್ಲ. ಇದ್ದದ್ದನ್ನು ಬಿಚ್ಚಿಕೊಂಡರು ಎಂದು ತಿಳಿಯಬೇಡಿ. ಈ ಕಾರಿನ ಡಿಕ್ಕಿಗೆ ಮೋಟಾರ್ ಎಂಬುದು ಯಾವತ್ತೂ ಇರಲೇ ಇಲ್ಲ!

ಕಾರು 1996ರ ಟೊಯೋಟಾ ಸೆಲಿಕಾ, ಮುಂದೆ ನಾಲ್ಕು ದುಂಡು ದೀಪಗಳಿರುವ ಮಾದರಿ. ಭಾವ ಸಿಂಗಾಪುರದ ಕೆಲಸ ಬಿಟ್ಟು ಊರಿಗೆ ಮರಳುವಾಗ ತಂದದ್ದು, ಈಗ ನನ್ನ ಹೆಸರಿನಲ್ಲಿದೆ. ಹಿಂದೆ ಗಾಜು ಸಮೇತ ಇಡೀ ಬಾಗಿಲೇ ಮೇಲೆ ಏಳುತ್ತದೆ. ಅದಕ್ಕೆ ಚಾಲಕನ ಸೀಟಿನ ಪಕ್ಕ, ಕೆಳಗೆ ಒಂದು ಲಿವರ್ ಇದೆ. ಎಳೆದರೆ ಒಳಗಿನಿಂದ ಹಿಂದಿನವರೆಗೆ ಹೋಗಿರುವ ಉಕ್ಕಿನ ಕೇಬಲ್ ಲಾಕಿನ ಕೊಂಡಿಯನ್ನು ಬಿಡಿಸುತ್ತದೆ, ಸೈಕಲ್ ಬ್ರೇಕಿನ ಹಾಗೆ. ಬ್ಯಾಟರಿ ಸತ್ತು ಬಿದ್ದಿದ್ದರೂ ಡಿಕ್ಕಿ ತೆರೆಯುತ್ತದೆ. ಇದು ಗ್ಯಾರೇಜಿನವನಿಗೆ ಗೊತ್ತಿರಲಿಲ್ಲ ಎಂದು ನನಗೆ ಯಾರೂ ಹೇಳಬೇಡಿ. ನನ್ನ ಕಣ್ಣೆದುರೇ ಲಿವರ್ ಎಳೆದು, "ಓ, ಮೋಟಾರ್ ಹೋಗಿದೆ ಸಾರ್" ಎಂದವನು ಅವನೇ.

ನಮ್ಮ ಮನೆ ಇರುವುದು ಸುರತ್ಕಲ್‌ನಲ್ಲಿ, ಕಡಲಿನ ಹತ್ತಿರ. ಇಲ್ಲಿನ ಉಪ್ಪು ಗಾಳಿಗೆ ಗೇಟಿನ ಬೀಗವೇ ವರ್ಷ ತಾಳುವುದಿಲ್ಲ. ಹಿಂದಿನ ಕೀಲಿತೂತು ಎಂದೋ ಕಚ್ಚಿಕೊಂಡಿತ್ತು, ಕೀಲಿ ತಿರುಗುತ್ತಿರಲಿಲ್ಲ. ಮಳೆ ಜೋರಾದ ಮೇಲೆ ಲಿವರ್ ಕೂಡ ಸಡಿಲವಾಗಿ ಕೈಗೆ ಬರತೊಡಗಿತು. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕಲ್ಲ, ಅದಕ್ಕಾಗಿ ಆರ್‌ಟಿಒ ಮುಂದೆ ನಿಲ್ಲಿಸುವ ಸಮಯವೂ ಹತ್ತಿರ ಬಂದಿತ್ತು. ಹಾಗಾಗಿ ಹೆದ್ದಾರಿ ಬದಿಯ ಒಂದು ಗ್ಯಾರೇಜಿಗೆ ಬಿಟ್ಟೆ. ಹೆಸರು ಬರೆಯುವುದಿಲ್ಲ. ದೊಡ್ಡ ಬೋರ್ಡು, ಒಳಗೆ ಎಸಿ ಕೋಣೆ, ಕುಳಿತ ಕೂಡಲೇ ಚಹಾ.

ಮರುದಿನ ಕರೆ ಬಂತು. "ಲಾಕ್ ಮೋಟಾರ್ ಸುಟ್ಟಿದೆ. ಇಲ್ಲಿ ಸಿಗುವುದಿಲ್ಲ, ಬೆಂಗಳೂರು ಜೆ.ಸಿ. ರಸ್ತೆಯಿಂದ ತರಿಸಬೇಕು, ಮುಂಗಡ ಹಾಕಿ." ಹಾಕಿದೆ. ಆಮೇಲೆ ಕೇಳಿದಾಗಲೆಲ್ಲ "ಪಾರ್ಸೆಲ್ ಹೊರಟಿದೆ", "ಪಾರ್ಸೆಲ್ ಹಾಸನ ದಾಟಿದೆ", "ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆ ಸಾರ್, ನಾವೇನು ಮಾಡುವುದು". ಮಳೆಗಾಲದಲ್ಲಿ ಶಿರಾಡಿ ಘಾಟಿಯ ಹೆಸರು ಹೇಳಿದರೆ ಕರಾವಳಿಯಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅದನ್ನೂ ಬಳಸಿಕೊಂಡ! ಕೊನೆಗೆ ಕಾರು ಕೈಗೆ ಬಂತು, ಡಿಕ್ಕಿ ತೆರೆಯಿತು. ಬಿಲ್ಲಿನಲ್ಲಿ ಮೋಟಾರ್ 9,500, ವೈರಿಂಗ್ ಪರಿಶೀಲನೆ 2,800, ಕೂಲಿ 4,500. ಹಳೆಯ ಮೋಟಾರ್ ಕೊಡಿ ಎಂದು ಕೇಳಿದೆ. "ಅದು ಗುಜರಿಗೆ ಹೋಯಿತು ಸಾರ್."

ಗುಜರಿಗೆ ಹೋಯಿತಂತೆ. ಇಲ್ಲದ ಮೋಟಾರ್ ಗುಜರಿಗೆ ಹೋಯಿತಂತೆ.

ಮುಂದಿನ ಜೋರು ಮಳೆಗೆ ಡಿಕ್ಕಿ ಮತ್ತೆ ಸಿಕ್ಕಿಕೊಂಡಿತು. ಪಕ್ಕದ ಮನೆಯ ಹುಡುಗನೊಬ್ಬ ಬೈಕ್ ರಿಪೇರಿ ಮಾಡುತ್ತಾನೆ, ಅವನನ್ನು ಕರೆದೆ. ಹಿಂದಿನ ಸೀಟನ್ನು ಮಡಚಿ ಒಳಗೆ ತೂರಿ, ಲಾಕಿನ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಕಳಚಿದ. ಟಾರ್ಚ್ ಹಿಡಿದವನು ನಾನು. ಸ್ವಲ್ಪ ಹೊತ್ತು ಅವನು ಮಾತೇ ಆಡಲಿಲ್ಲ. ಆಮೇಲೆ ಕೇಳಿದ, "ಮಾವ, ಮೋಟಾರ್ ಎಲ್ಲಿ?"

ಅಲ್ಲಿ ಇದ್ದದ್ದು ಒಂದು ಲಾಕ್, ಅದಕ್ಕೆ ಬಂದು ಸೇರುವ ಹಳೆಯ ಕೇಬಲ್, ಕೇಬಲ್ಲಿನ ತುದಿಯಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡ ತಂತಿಗಳು. ಕೇಬಲ್ಲನ್ನು ಲಾಕಿಗೆ ಸಿಕ್ಕಿಸುವ ತುದಿಯ ಗುಂಡು ಕಳಚಿ ಬಿದ್ದಿತ್ತು. ಅದರ ಬದಲಿಗೆ ಬೈಂಡಿಂಗ್ ತಂತಿ. ಹೌದು, ಮನೆ ಕಟ್ಟುವವರು ಸ್ಲ್ಯಾಬಿನ ಕಬ್ಬಿಣ ಬಿಗಿಯಲು ಬಳಸುವ ಅದೇ ಕಪ್ಪು ತಂತಿ. ಅದನ್ನು ಇಕ್ಕಳದಿಂದ ಮೂರು ಸುತ್ತು ತಿರುಚಿ ಲಾಕಿನ ಲಿವರಿಗೆ ಕಟ್ಟಿದ್ದರು. ಆ ಗಂಟು ಮಳೆಗೆ ತುಕ್ಕು ಹಿಡಿದು ಜಾರಿತ್ತು. ಹೊಸ ವೈರ್ ಇಲ್ಲ, ಹೊಸ ಕನೆಕ್ಟರ್ ಇಲ್ಲ, ಮೋಟಾರ್ ಕೂರಿಸುವ ಜಾಗವೂ ಇಲ್ಲ. ಹುಡುಗ ಸ್ಕ್ರೂಡ್ರೈವರಿನಿಂದ ಲಾಕಿನ ಲಿವರನ್ನು ಬದಿಗೆ ಒತ್ತಿದ, ಡಿಕ್ಕಿ ಟಕ್ಕೆಂದು ಎದ್ದಿತು. ನನ್ನ ಹೆಂಡತಿ ಜಗಲಿಯಲ್ಲೇ ನಿಂತಿದ್ದಳು. ಮೋಟಾರ್ ಬೆಂಗಳೂರಿನಿಂದ ಬರುವ ಕಥೆಯನ್ನು ಅವಳಿಗೆ ಅಷ್ಟೂ ದಿನ ಹೇಳಿದವನು ನಾನೇ. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಬಾಗಿಲು ಎದ್ದ ಮೇಲೆ ಇನ್ನೊಂದು ಕಂಡಿತು. ಒಳ ಅಂಚಿನಲ್ಲಿ ಬಣ್ಣ ಎದ್ದುಹೋಗಿ ತಗಡು ಬಾಗಿತ್ತು, ರಬ್ಬರ್ ಬೀಡಿಂಗ್ ಹರಿದಿತ್ತು. ಹೊರಗಿನಿಂದ ಮೀಟಿ ತೆರೆದಿದ್ದಾರೆ! ಅದರ ಮೇಲೆ ಹೆಚ್ಚುಕಡಿಮೆ ಹೋಲುವ ಬಣ್ಣ ಹಚ್ಚಿ ಮುಚ್ಚಿದ್ದಾರೆ. ನೀರು ಒಳಗೆ ಇಳಿಯುತ್ತಿದ್ದದ್ದು ಅಲ್ಲಿಂದಲೇ.

ಈಗ ಅವರ ಉತ್ತರಗಳನ್ನು ಕೇಳಿ. ಮೊದಲು ಫೋನಿನಲ್ಲಿ: "ಮೋಟಾರ್ ಒಳಗಡೆ ಇರುತ್ತದೆ ಸಾರ್, ಹೊರಗೆ ಕಾಣುವುದಿಲ್ಲ." ಫೋಟೋ ಕಳುಹಿಸಿದೆ. "ಇದು ನಮ್ಮ ಕೆಲಸ ಅಲ್ಲ, ಬೇರೆ ಯಾರೋ ಕೈ ಹಾಕಿದ್ದಾರೆ." ಬಿಲ್ ಕಳುಹಿಸಿದೆ. "ಬಿಲ್ ಬರೆಯುವ ಹುಡುಗ ಹೊಸಬ, ಕೇಬಲ್ ಎಂದು ಬರೆಯುವ ಬದಲು ಮೋಟಾರ್ ಎಂದು ಬರೆದಿದ್ದಾನೆ." ಹಾಗಾದರೆ ಹೊಸ ಕೇಬಲ್ ಎಲ್ಲಿ ಎಂದು ಕೇಳಿದೆ. ಮೌನ. ಖುದ್ದಾಗಿ ಹೋದರೆ ಆ ಎಸಿ ಕೋಣೆಯಲ್ಲಿ, ಬೇರೆ ಗಿರಾಕಿಗಳ ಎದುರಿಗೆ ಮಾಲೀಕ ನಕ್ಕು ಹೇಳಿದ: "ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡವರು ಹದಿನಾರು ಸಾವಿರಕ್ಕೆ ಹೀಗೆ ಅಳುತ್ತಾರಾ ಮಾರಾಯರೇ? ಇಷ್ಟು ಹಳೆಯದು, ಮಾರಿಬಿಡಿ. ಬೇಕಾದರೆ ನಾನೇ ತೆಗೆದುಕೊಳ್ಳುತ್ತೇನೆ." ಈ ಸಲ ಚಹಾ ಬರಲಿಲ್ಲ.

ನಿಮ್ಮದೂ ಕೇಬಲ್ಲಿನ ಡಿಕ್ಕಿಯಾಗಿದ್ದರೆ ಗ್ಯಾರೇಜಿಗೆ ಓಡುವ ಮೊದಲು ಇಷ್ಟು ನೋಡಿ. ಲಿವರ್ ಬಿಗಿ ಇಲ್ಲದೆ ಸಡಿಲವಾಗಿ ಬಂದರೆ ಕೇಬಲ್ ತುಂಡಾಗಿದೆ ಅಥವಾ ಕಳಚಿದೆ. ಬಿಗಿ ಇದ್ದೂ ತೆರೆಯದಿದ್ದರೆ ಲಾಕ್ ಕಚ್ಚಿದೆ. ಆಗ ಒಬ್ಬರು ಡಿಕ್ಕಿಯನ್ನು ಮೇಲಿನಿಂದ ಅದುಮಿ ಹಿಡಿಯಲಿ, ಇನ್ನೊಬ್ಬರು ಲಿವರ್ ಎಳೆಯಲಿ. ಕೊಂಡಿಯ ಮೇಲಿನ ಭಾರ ಇಳಿದು ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಆಗದಿದ್ದರೆ ಸೀಟು ಮಡಚಿ ಒಳಗಿನಿಂದ ಕೈ ಹಾಕಿಸಿ. ಹೊರಗಿನಿಂದ ಮೀಟಲು ಯಾರನ್ನೂ ಬಿಡಬೇಡಿ. ತೆರೆದ ಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅಷ್ಟಕ್ಕೇ ಸುಮ್ಮನಾಗಬೇಡಿ, ಅದು ಆರಿಹೋಗುತ್ತದೆ, ಗ್ರೀಸ್ ಹಚ್ಚಿ. ಬಿಚ್ಚಿದ ಹಳೆಯ ಭಾಗವನ್ನು ಕೈಗೆ ಕೊಡದೆ ಇದ್ದರೆ ಹಣ ಕೊಡಬೇಡಿ. ಚಹಾ ಕೊಟ್ಟರೂ ಕೊಡಬೇಡಿ.

ನನ್ನ ಕಾರಿಗೆ ಆ ಹುಡುಗ ಬೈಕಿನ ಕ್ಲಚ್ ಕೇಬಲ್ಲಿನ ಒಳತಂತಿಯನ್ನೇ ಹೊಂದಿಸಿ ಕೂರಿಸಿದ್ದಾನೆ, ಸಲೀಸಾಗಿ ತೆರೆಯುತ್ತಿದೆ. ಹಣ ಬೇಡ ಎಂದ, ಬಲವಂತವಾಗಿ ಕೊಟ್ಟೆ. ತಗಡು, ಬಣ್ಣ, ಬೀಡಿಂಗ್ ಕೆಲಸ ಬಾಕಿ ಇದೆ, ಅದರ ಖರ್ಚು ಬೇರೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಟ್ಟರೆ ಸಾಕು. ಇದು ತಿಳಿದ ಮೇಲೆ ಗ್ಯಾರೇಜಿನಿಂದ ಹೊಸ ಸಂದೇಶ ಬಂದಿದೆ: ಎರಡು ಸಾವಿರ ವಾಪಸ್ ಕೊಡುತ್ತೇವೆ, "ಒಳ್ಳೆಯ ಸಂಬಂಧಕ್ಕಾಗಿ". ಬೇಡ ಎಂದಿದ್ದೇನೆ. ಬೈಂಡಿಂಗ್ ತಂತಿ, ಮೊಹರು ಇರುವ ಬಿಲ್, ಹಣ ಪಾವತಿಯ ದಾಖಲೆ ಎಲ್ಲವೂ ನನ್ನ ಬಳಿ ಇವೆ. ಕಾರಿನಲ್ಲಿ ಇಲ್ಲದ ಭಾಗಕ್ಕೆ ಹೀಗೆ ಹಣ ಕೊಟ್ಟವರು ನಿಮ್ಮಲ್ಲಿ ಇನ್ನೂ ಯಾರಾದರೂ ಇದ್ದರೆ ಬಿಲ್ ಎಸೆಯಬೇಡಿ, ನನಗೆ ತಿಳಿಸಿ.