ಮಡಿಕೇರಿಯಿಂದ ಅಂಚೆಯಲ್ಲಿ ಬಂದ ಪೀಚೆಕತ್ತಿ

ಹದಿನೈದು ವರ್ಷಗಳಿಂದ ನಾನು ನಮ್ಮ ನಾಡಿನ ಕತ್ತಿಗಳನ್ನು ಸಂಗ್ರಹಿಸುತ್ತ ಬಂದಿದ್ದೇನೆ. ಮಲೆನಾಡಿನವರು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಬಯಲುಸೀಮೆಯ ಕುಡುಗೋಲು, ಹಳೆಯ ಅಡಕತ್ತರಿಗಳು ಎಲ್ಲವೂ ಬೆಂಗಳೂರಿನ ನಮ್ಮ ಮನೆಯ ಒಂದು ಗಾಜಿನ ಬೀರುವಿನಲ್ಲಿವೆ. ಅವುಗಳ ನಡುವೆ ಕೊಡಗಿನ ಪೀಚೆಕತ್ತಿಗೆ ಬಹಳ ಕಾಲದಿಂದ ಒಂದು ಜಾಗ ಖಾಲಿ ಇತ್ತು. ಕಳೆದ 2025ರ ಅಕ್ಟೋಬರಿನಲ್ಲಿ ಮಡಿಕೇರಿಯ ಒಂದು ಸಣ್ಣ ಅಂಗಡಿಯಿಂದ ಅದನ್ನು ಅಂಚೆಯ ಮೂಲಕ, ಸಂಪೂರ್ಣ ಕಾನೂನುಬದ್ಧವಾಗಿ, ರಸೀದಿ ಸಮೇತ ತರಿಸಿಕೊಂಡೆ. ಆ ಅಂಗಡಿಯ ಸೇವೆಯನ್ನೂ ಕತ್ತಿಯನ್ನೂ ಕುರಿತು ಬರೆಯುವುದು ನನ್ನ ಉದ್ದೇಶ. ವರ್ಷಕ್ಕೆ ಹತ್ತಾರು ಕತ್ತಿಗಳನ್ನಷ್ಟೇ ಮಾಡಿಸುವ ಅಂಗಡಿಯವರು ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿರುವುದರಿಂದ ಅದನ್ನು ಇಲ್ಲಿ ಬರೆದಿಲ್ಲ.

ಪೀಚೆಕತ್ತಿಯನ್ನು ನೋಡದವರಿಗಾಗಿ ಮೊದಲು ಅದರ ಪರಿಚಯ. ಕೊಡವರ ಸಾಂಪ್ರದಾಯಿಕ ಉಡುಪಿನಲ್ಲಿ ಕಪ್ಪು ಕುಪ್ಯದ (ಮೊಣಕಾಲವರೆಗಿನ ನಿಲುವಂಗಿಯ) ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆಯಲ್ಲಿ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುವ ಗಿಡ್ಡ ಕತ್ತಿ ಇದು. ಬೆನ್ನಿನ ಕಡೆ ತೊಡಂಗ್ ಎಂಬ ಕೊಕ್ಕೆಗೆ ಸಿಕ್ಕಿಸುವ ಅಗಲವಾದ, ಬಾಗಿದ ಒಡಿಕತ್ತಿ ಬೇರೆ. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವುದು ಅದರಿಂದ. ಪೀಚೆಕತ್ತಿಯ ಅಲಗು ಒಂದೇ ಬಾಯಿಯದು, ನೇರವಾದದ್ದು, ಗಾತ್ರಕ್ಕೆ ಹೋಲಿಸಿದರೆ ದಪ್ಪ ಬೆನ್ನಿನದು. ಹಿಡಿಯ ತುದಿ ಹೂವಿನಂತೆ ಅರಳಿರುತ್ತದೆ, ಒರೆಗೆ ಬೆಳ್ಳಿಯ ಕೆತ್ತನೆ ಇರುತ್ತದೆ, ಒರೆಯಿಂದ ಇಳಿಬಿದ್ದ ಸರಪಳಿಗಳ ತುದಿಯಲ್ಲಿ ಚಿಮುಟ, ಕಿವಿಗುಗ್ಗೆ ಕಡ್ಡಿಯಂಥ ಪುಟ್ಟ ಸಾಧನಗಳು ತೂಗುತ್ತಿರುತ್ತವೆ. ಕಮ್ಮಾರನ ಕೆಲಸವೂ ಅಕ್ಕಸಾಲಿಯ ಕೆಲಸವೂ ಇಷ್ಟು ಸಣ್ಣ ವಸ್ತುವಿನಲ್ಲಿ ಸರಿಸಮನಾಗಿ ಕೂಡಿರುವುದನ್ನು ನಾನು ನಮ್ಮ ನಾಡಿನ ಬೇರೆ ಯಾವ ಕತ್ತಿಯಲ್ಲೂ ಕಂಡಿಲ್ಲ.

ಇಂಥದೊಂದನ್ನು ಕೊಳ್ಳುವಾಗ ಕಾನೂನಿನ ಪ್ರಶ್ನೆ ಏಕೆ ಏಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ಮಾರುವವರೂ ಕೊಳ್ಳುವವರೂ ಊಹೆಯ ಮೇಲೆ ನಡೆಯುವುದೇ ಹೆಚ್ಚು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ 2016ರ ನಿಯಮಗಳು ಹರಿತವಾದ ಆಯುಧಗಳನ್ನು ಐದನೆಯ ವರ್ಗದಲ್ಲಿ ಇಟ್ಟಿವೆ. ಖಡ್ಗ, ಕಠಾರಿ, ಭರ್ಚಿ, ಕಿರ್ಪಾನ್ ಮತ್ತು ಖುಕ್ರಿಗಳನ್ನು ಒಳಗೊಂಡ ಆ ಪಟ್ಟಿ 9 ಇಂಚಿಗಿಂತ ಉದ್ದವಾದ ಅಥವಾ 2 ಇಂಚಿಗಿಂತ ಅಗಲವಾದ ಅಲಗುಗಳನ್ನು ಹೆಸರಿಸಿ, ಮನೆಬಳಕೆ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗೆಂದು ಮಾಡಿದವನ್ನು ಹೊರಗಿಡುತ್ತದೆ. ಇಂಥ ಆಯುಧಗಳನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಾಗುವುದು ಕಾಯ್ದೆಯ 4ನೆಯ ಕಲಮಿನಡಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ಒಂದಡಿ ಉದ್ದದ ತೆಂಗಿನ ಕತ್ತಿ ತನ್ನ ಕೆಲಸದಿಂದಲೇ ಈ ಪಟ್ಟಿಯಿಂದ ಪಾರಾಗುತ್ತದೆ. ಪೀಚೆಕತ್ತಿಗೆ ಆ ಸೌಲಭ್ಯವಿಲ್ಲ. ಅದು ಹುಟ್ಟಿನಿಂದಲೇ ಆಯುಧ, ಈಗ ಉಡುಪಿನ ಅಂಗ. ಅಡುಗೆಮನೆಯದೆಂದೋ ತೋಟದ್ದೆಂದೋ ಯಾರೂ ಪ್ರಾಮಾಣಿಕವಾಗಿ ಹೇಳಲಾರರು. ಆದ್ದರಿಂದ ಅದರ ಮಟ್ಟಿಗೆ ಅಳತೆಯೇ ಮುಖ್ಯ, ಆ ಅಳತೆ 9 ಮತ್ತು 2 ಇಂಚುಗಳ ಒಳಗೆ ನಿಂತರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಿಂದ ಬಂದ ವಿನಾಯಿತಿ ಅದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಆದರೆ ಅದು ಕೊಡವ ಜನಾಂಗದವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಸಲ್ಲುವಂಥದ್ದು. ಬೆಂಗಳೂರಿನಲ್ಲಿ ಕುಳಿತು ಕತ್ತಿ ಕೊಳ್ಳುವ ನನ್ನಂಥವನು ಅದರ ನೆರಳಿನಲ್ಲಿ ನಿಲ್ಲುವುದು ಸರಿಯಲ್ಲ.

ಅಳತೆಗಿಂತಲೂ ಜನ ಹೆಚ್ಚಾಗಿ ಎಡವುವುದು ಹಿಡಿಯ ವಿಷಯದಲ್ಲಿ. ಹಳೆಯ ಪೀಚೆಕತ್ತಿಗಳಲ್ಲಿ ದಂತದ ಹಿಡಿಗಳು ಕಾಣಸಿಗುತ್ತವೆ. ಎರಡು ವರ್ಷಗಳ ಹಿಂದೆ ಬೇರೊಂದು ಊರಿನ ಮಾರಾಟಗಾರರೊಬ್ಬರು ನನಗೆ ಅಂಥದೊಂದರ ಚಿತ್ರ ಕಳುಹಿಸಿ, ಅಜ್ಜನ ಕಾಲದ್ದು, ಪಾರ್ಸೆಲಿನ ಮೇಲೆ ಅಡುಗೆ ಸಾಮಾನು ಎಂದು ಬರೆದು ಕಳುಹಿಸುತ್ತೇನೆ ಎಂದಿದ್ದರು. ನಾನು ಒಪ್ಪಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳು ಭಾರತದ ಆನೆಯ ದಂತದ ವ್ಯಾಪಾರವನ್ನೂ ಆಮದು ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ಮಣ್ಣಿನಡಿ ಸಿಗುವ, ಅಳಿದುಹೋದ ಆನೆಜಾತಿಯಾದ ಮ್ಯಾಮತ್‌ನ ದಂತಕ್ಕೂ ಈ ನಿಷೇಧ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ. ಕಡವೆಯ ಕೊಂಬಿನ ಹಿಡಿಯೂ ಅದೇ ಕಾಯ್ದೆಯ ಕೈಗೆ ಸಿಗುತ್ತದೆ, ಕೊಂಬು ತಾನಾಗಿ ಉದುರಿದ್ದು ಎಂಬ ಸಮಾಧಾನದಿಂದ ಅದು ಮಾರಬಹುದಾದ ಸರಕಾಗುವುದಿಲ್ಲ. ಇನ್ನು ನಿಜವಾಗಿಯೂ ನೂರು ವರ್ಷ ದಾಟಿದ ಕತ್ತಿಯಾದರೆ ಅದು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಇರಬೇಕು. ಹಳೆಯದೆಂದು ಬೆಲೆ ಏರಿಸುವವರು ಆ ಪರವಾನಗಿಯ ಮಾತು ಬಂದ ಕೂಡಲೇ ಇದು ಅಷ್ಟೇನೂ ಹಳೆಯದಲ್ಲ ಎನ್ನುವುದನ್ನು ನಾನು ಎರಡು ಸಲ ಕೇಳಿದ್ದೇನೆ. ಈ ಕಾರಣಗಳಿಂದ ಹೊಸದಾಗಿ ಮಾಡಿದ ಕತ್ತಿಯನ್ನೇ ಕೊಳ್ಳಬೇಕೆಂದು ನಾನು ನಿರ್ಧರಿಸಿದ್ದೆ.

ಮಡಿಕೇರಿಯ ಅಂಗಡಿಯನ್ನು ನಾನು ಮೆಚ್ಚಿದ್ದು ಮೊದಲ ಫೋನ್ ಕರೆಯಲ್ಲೇ. ಬೆಲೆಯ ಮಾತಿಗೆ ಮೊದಲು ಯಜಮಾನರು ಕೇಳಿದ್ದು, “ಸಾರ್, ಇದು ಉಡುಪಿನ ಜೊತೆ ತೊಡುವುದಕ್ಕೋ, ಮನೆಯಲ್ಲಿ ಇಡುವುದಕ್ಕೋ?” ಎಂದು. ಇಡುವುದಕ್ಕೆ ಎಂದಾಗ, ಹಾಗಾದರೆ ನಿಮ್ಮ ಗುರುತಿನ ಚೀಟಿಯ ಪ್ರತಿ ಬೇಕು, ಅಲಗಿನ ಅಳತೆಯನ್ನು ರಸೀದಿಯಲ್ಲಿ ಬರೆಯುತ್ತೇವೆ, ಹಿಡಿಗೆ ಬೀಟೆ ಮರ, ಮರವನ್ನು ಅರಣ್ಯ ಇಲಾಖೆಯ ಹರಾಜಿನಲ್ಲಿ ತೆಗೆದುಕೊಂಡ ಕಾಗದ ನಮ್ಮಲ್ಲಿದೆ ಎಂದು ತಾವಾಗಿಯೇ ಹೇಳಿದರು. ಒಡಿಕತ್ತಿಯೂ ಸಿಗುವುದೇ ಎಂದು ಕೇಳಿದೆ. “ಅದು ಅಗಲದಲ್ಲೇ ಮಿತಿ ಮೀರುತ್ತದೆ ಸಾರ್, ಅಂಚೆಗೆ ಹಾಕುವುದಿಲ್ಲ. ನಮ್ಮವರು ಬಂದು ತೆಗೆದುಕೊಂಡು ಹೋಗುತ್ತಾರೆ” ಎಂದರು. ಮಾರಬಹುದಾದ ಒಂದು ವಸ್ತುವನ್ನು ಹೀಗೆ ನೇರವಾಗಿ ಇಲ್ಲವೆನ್ನುವ ಅಂಗಡಿಯಲ್ಲಿ ಹಣ ಕಟ್ಟಲು ನನಗೆ ಯಾವ ಅಳುಕೂ ಇರಲಿಲ್ಲ. ಅರ್ಧ ಹಣವನ್ನು ಆಗಸ್ಟ್ ಮೊದಲ ವಾರದಲ್ಲಿ ಬ್ಯಾಂಕಿನ ಮೂಲಕವೇ ಕಳುಹಿಸಿದೆ.

ಆರು ವಾರ ಎಂದಿದ್ದ ಕೆಲಸ ಒಂಬತ್ತು ವಾರ ಹಿಡಿಯಿತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ ಆಯುಧಗಳನ್ನು ತೊಳೆದು, ಹೊಳಪು ಕೊಟ್ಟು, ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜೆಗಿಡುವ ವಾಡಿಕೆ ಇರುವುದರಿಂದ ಅದಕ್ಕೆ ಮುಂಚೆ ಊರವರ ಹಳೆಯ ಕತ್ತಿಗಳ ದುರಸ್ತಿಯೇ ಅವರಿಗೆ ಕೈತುಂಬ ಇತ್ತಂತೆ. ಇದು ಒಪ್ಪಬೇಕಾದ ಕಾರಣವೇ. ಆದರೆ ಈ ಹಬ್ಬ ಪ್ರತಿ ವರ್ಷವೂ ಅದೇ ದಿನ ಬರುವುದರಿಂದ ಮೊದಲೇ ಒಂಬತ್ತು ವಾರ ಎಂದು ಹೇಳಬಹುದಿತ್ತು. ನಾನಾಗಿ ಎರಡು ಸಲ ಫೋನ್ ಮಾಡಿದ ಮೇಲೆಯೇ ವಿಳಂಬದ ಸುದ್ದಿ ತಿಳಿದದ್ದು ನನಗೆ ಬೇಸರ ತಂದಿತು. ಇನ್ನೊಂದು ಕಡೆ, ಆ ಎರಡು ತಿಂಗಳಲ್ಲಿ ಬೆಳ್ಳಿಯ ದರ ಬಹಳ ಏರಿದ್ದರೂ ಆಗಸ್ಟಿನ ದರಕ್ಕೇ ಲೆಕ್ಕ ಹಾಕಿದರು. ಒರೆ, ಹಿಡಿಯ ಕುಸುರಿ ಮತ್ತು ಸರಪಳಿಗಳು ಸೇರಿ 142 ಗ್ರಾಂ ಬೆಳ್ಳಿ, ಅಲಗು, ಮರ, ಕೂಲಿ ಮತ್ತು ತೆರಿಗೆ ಎಲ್ಲವನ್ನೂ ಬೇರೆ ಬೇರೆಯಾಗಿ ನಮೂದಿಸಿದ ರಸೀದಿಯ ಮೊತ್ತ 32,600 ರೂಪಾಯಿ.

ಕಳುಹಿಸುವ ಕೆಲಸವನ್ನು ಅವರು ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ಮೊದಲು ಕೇಳಿದ ಖಾಸಗಿ ಕೊರಿಯರಿನವರು ಕತ್ತಿ ಎಂಬ ಮಾತು ಕೇಳಿಯೇ ಬೇಡವೆಂದರಂತೆ; ಬೇರೆ ಹೆಸರು ಬರೆಸಿ ಕಳುಹಿಸುವ ಬದಲು ಯಜಮಾನರು ಪೆಟ್ಟಿಗೆಯನ್ನು ಮುಚ್ಚದೆಯೇ ಅಂಚೆ ಕಚೇರಿಗೆ ಒಯ್ದು, ರಸೀದಿ ತೋರಿಸಿ, ಒಳಗಿರುವುದನ್ನು ಕಂಡು ಒಪ್ಪಿದ ಮೇಲೆ ಅಲ್ಲಿಯೇ ಮುಚ್ಚಿದರು. ಸರಿಯಾಗಿ ರಕ್ಷಣೆ ಮಾಡದ ಹರಿತವಾದ ಸಾಧನವನ್ನು ಅಂಚೆಯಲ್ಲಿ ಕಳುಹಿಸಬಾರದು ಎಂದು 1898ರ ಅಂಚೆ ಕಾಯ್ದೆ ಹೇಳುತ್ತಿತ್ತು. ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ 2024ರ ಜೂನ್ 18ರಿಂದ ಬಂದಿದೆಯಾದರೂ ಪಾರ್ಸೆಲ್ ಕಟ್ಟುವವರಿಗೆ ಆ ಹಳೆಯ ಮಾತು ಇಂದಿಗೂ ಒಳ್ಳೆಯ ದಾರಿಯೇ. ನಮ್ಮ ಮನೆಗೆ ಬಂದ ಪೆಟ್ಟಿಗೆಯಲ್ಲಿ ಅಲಗನ್ನು ಒರೆಯಿಂದ ತೆಗೆದು, ಎಣ್ಣೆ ಕಾಗದ ಸುತ್ತಿ, ಮೊನೆಗೆ ಮರದ ಟೊಪ್ಪಿಗೆ ತೊಡಿಸಿ, ಅದರ ಆಕಾರಕ್ಕೆ ಕೊರೆದ ಹಲಗೆಯೊಳಗೆ ಕೂರಿಸಿದ್ದರು. ಒರೆಯೂ ಸರಪಳಿಗಳೂ ಹತ್ತಿಬಟ್ಟೆಯಲ್ಲಿ ಬೇರೆಯಾಗಿದ್ದವು. ಪೆಟ್ಟಿಗೆಯನ್ನು ಎಷ್ಟು ಅಲ್ಲಾಡಿಸಿದರೂ ಒಳಗೆ ಸದ್ದಿಲ್ಲ. ಹೊರಗಿನ ಪಾರದರ್ಶಕ ಚೀಲದಲ್ಲಿ ರಸೀದಿಯ ಪ್ರತಿ ಇತ್ತು, ಅದರ ಮೇಲೆ “ಪೀಚೆಕತ್ತಿ, ಅಲಂಕಾರಿಕ, ಅಲಗು 17.5 ಸೆಂ.ಮೀ. ಉದ್ದ, 3.6 ಸೆಂ.ಮೀ. ಅಗಲ” ಎಂದು ಸ್ಪಷ್ಟವಾಗಿ ಬರೆದಿತ್ತು. ಸ್ಪೀಡ್ ಪೋಸ್ಟಿನಲ್ಲಿ ಮೂರನೆಯ ದಿನ ಬಂತು. ಅಂಚೆಯಣ್ಣ ನನ್ನ ಹೆಸರು ಕೇಳಿ, ಸಹಿ ಮಾಡಿಸಿಕೊಂಡು ನನ್ನ ಕೈಗೇ ಕೊಟ್ಟರು.

ಅಂಗಡಿಗೇ ಹೋಗಿ ತರಬಹುದಿತ್ತಲ್ಲ ಎಂದು ಮನೆಯವರು ಕೇಳಿದರು. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲದ ಕತ್ತಿಯನ್ನು ಬಸ್ಸಿನಲ್ಲಿ, ಬೀದಿಯಲ್ಲಿ ಹಿಡಿದುಕೊಂಡು ಬರುವುದು ಬೇರೆಯೇ ವಿಷಯ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಧಿಕಾರಿಗಳು ಶಾಂತಿಪಾಲನೆಗಾಗಿ ಆಯುಧ ಒಯ್ಯುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಬಹುದು, ಅಂಥ ಆಜ್ಞೆ ಯಾವ ಊರಿನಲ್ಲಿ ಯಾವ ದಿನ ಜಾರಿಯಲ್ಲಿದೆಯೆಂದು ಪ್ರಯಾಣಿಕನಿಗೆ ಗೊತ್ತಿರುವುದಿಲ್ಲ. ಕಟ್ಟಿ ಮುಚ್ಚಿದ ಪೆಟ್ಟಿಗೆ, ಮೇಲೆ ರಸೀದಿ, ಎರಡೂ ಕಡೆಯ ವಿಳಾಸ ಇವುಗಳೊಂದಿಗೆ ಅಂಚೆಯಲ್ಲಿ ಬರುವುದೇ ಇದಕ್ಕೆ ತಕ್ಕ ದಾರಿ ಎಂದು ನನ್ನ ಅನಿಸಿಕೆ.

ಇನ್ನು ಕತ್ತಿಯ ಗುಣ. ನಾನೇ ಅಳೆದು ನೋಡಿದಾಗ ರಸೀದಿಯ ಲೆಕ್ಕ ಸರಿಯಾಗಿತ್ತು, ಮಿತಿಯಾದ 22.86 ಸೆಂ.ಮೀ. ಉದ್ದ ಮತ್ತು 5.08 ಸೆಂ.ಮೀ. ಅಗಲಕ್ಕಿಂತ ಬಹಳ ಒಳಗೇ ಇದೆ. ಅಲಗನ್ನು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕುಲುಮೆಯಲ್ಲಿ ಬಡಿದು ಮಾಡಿದ್ದಾರೆ, ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬೆನ್ನು ಹಿಡಿಯ ಬಳಿ 5 ಮಿ.ಮೀ. ಇದ್ದು ಮೊನೆಯ ಕಡೆಗೆ ಒಂದೇ ಸಮನೆ ತೆಳುವಾಗುತ್ತ ಹೋಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಎಲ್ಲಿಯೂ ಓರೆಯಾಗಿಲ್ಲ. ಹದ ಹೇಗಿದೆಯೆಂದು ತಿಳಿಯಲು ಉಗುರಿನ ಮೇಲೆ ಬಾಯಿಯನ್ನು ಮೆಲ್ಲನೆ ಒತ್ತಿ ಜಾರಿಸಿದೆ, ಬಾಗಲೂ ಇಲ್ಲ, ಚಕ್ಕೆಯೇಳಲೂ ಇಲ್ಲ. ಅಲಗಿನ ಬಾಲ ಹಿಡಿಯ ತುದಿಯವರೆಗೂ ಹೋಗಿ ಅರಳಿದ ಹೂವಿನಡಿ ಬಡಿದು ಕೂತಿದೆ, ಅಂಟಿನ ಮೇಲೆ ನಿಂತಿಲ್ಲ. ಅಲಂಕಾರದ ಕತ್ತಿಗಳಲ್ಲಿ ಇದು ಅಪರೂಪ. ಕೈಗೆ ತೆಗೆದುಕೊಂಡಾಗ ಭಾರವೆಲ್ಲ ಹಿಡಿಯ ಕಡೆಗೇ ಬರುತ್ತದೆ, ಚೇಲೆಯಲ್ಲಿ ಸಿಕ್ಕಿಸಿದಾಗ ಕತ್ತಿ ಮುಂದಕ್ಕೆ ವಾಲದಿರುವುದು ಅದರಿಂದಲೇ ಇರಬೇಕು.

ಒರೆಯ ಕುಸುರಿಯ ಮುಂದೆ ನಾನು ಒಂದು ಸಂಜೆಯನ್ನೇ ಕಳೆದೆ. ಬಳ್ಳಿಯ ಒಂದೊಂದು ಎಲೆಯ ನರವನ್ನೂ ಚಾಣದ ಒಂದೇ ಹೊಡೆತದಲ್ಲಿ ಎಳೆದಿದ್ದಾರೆ. ಎರಡು ಎಲೆಗಳು ಒಂದೇ ತರಹ ಇಲ್ಲ, ಯಂತ್ರದಲ್ಲಿ ಒತ್ತಿದ ತಗಡಿನಲ್ಲಿ ಈ ಜೀವ ಬರುವುದಿಲ್ಲ. ಬೆಳ್ಳಿಯ ಮೇಲೆ 925ರ (ಶೇಕಡಾ 92.5 ಶುದ್ಧತೆಯ) ಗುರುತು ಒರೆಯ ಹಿಂಬದಿಯಲ್ಲಿದೆ.

ದೋಷಗಳು ಎರಡು. ಒರೆಯ ಬಾಯಿ ಬಿಗಿಯಾಗಿದ್ದು, ಕತ್ತಿಯನ್ನು ಹಾಕಿ ತೆಗೆಯುವಾಗ ಅಲಗಿನ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಗೀರು ಬಿದ್ದಿದೆ. ಕಳುಹಿಸುವ ಮುನ್ನ ನಾಲ್ಕು ಬಾರಿ ಹಾಕಿ ತೆಗೆದು ನೋಡಿದ್ದರೆ ಇದು ಅಲ್ಲಿಯೇ ತಿಳಿಯುತ್ತಿತ್ತು. ಎರಡನೆಯದು ಸರಪಳಿಯದು: ಚಿಮುಟ ತೂಗುವ ಕೊಂಡಿಯನ್ನು ಬೆಸೆಯದೆ ಬರೀ ಮಡಿಚಿಟ್ಟಿದ್ದರಿಂದ ಒಂದೇ ವಾರದಲ್ಲಿ ಬಿಟ್ಟುಕೊಂಡಿತು. ಚಿತ್ರ ಕಳುಹಿಸಿದ ದಿನವೇ ಯಜಮಾನರು ತಪ್ಪೊಪ್ಪಿಕೊಂಡು, ಕತ್ತಿಯನ್ನು ಮನೆಯಲ್ಲೇ ಇಟ್ಟು ಒರೆ ಮತ್ತು ಸರಪಳಿಯನ್ನು ಮಾತ್ರ ಕಳುಹಿಸಿ ಎಂದರು, ಅಲಗು ಮತ್ತೆ ಅಂಚೆಯಲ್ಲಿ ಓಡಾಡುವುದು ಬೇಡವೆಂಬ ಅವರ ಮುಂದಾಲೋಚನೆ ನನಗೆ ಇಷ್ಟವಾಯಿತು. ಹನ್ನೊಂದನೆಯ ದಿನ ಕೊಂಡಿ ಬೆಸೆದು, ಒರೆಯ ಒಳಮರವನ್ನು ಸ್ವಲ್ಪ ಹೆರೆದು, ಹೋಗಿಬರುವ ಅಂಚೆಯ ಖರ್ಚನ್ನೂ ತಾವೇ ಹಾಕಿಕೊಂಡು ಹಿಂದಿರುಗಿಸಿದರು. ಗೀರಿಗೆ ಮಾತ್ರ ಪರಿಹಾರವಿಲ್ಲ, ಅದನ್ನು ಉಜ್ಜಿ ತೆಗೆಯಲು ಹೋದರೆ ಅಲಗಿನ ಹೊಳಪೇ ಬೇರೆಯಾಗಿಬಿಡುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರು ಈ ಅಂಗಡಿಯಿಂದ ತರಿಸಿಕೊಳ್ಳಬಹುದೇ ಎಂದು ನನ್ನ ತಂಗಿಯ ಮಗ ಲಂಡನ್ನಿನಿಂದ ವಿಚಾರಿಸಿದ. ಅವರು ಭಾರತದ ಹೊರಗೆ ಕಳುಹಿಸುವುದಿಲ್ಲ. ಬೀಟೆ ಮರ ಕಾಡಿನ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಬ್ರಿಟನ್ನಿನಲ್ಲಿ ದೂರದಿಂದ ಕತ್ತಿ ಮಾರುವವರ ಮೇಲೆ 2019ರ ಕಾಯ್ದೆ ಕೊಳ್ಳುವವರ ವಯಸ್ಸನ್ನು ಖಚಿತಪಡಿಸಿಕೊಳ್ಳುವ ಹೊಣೆ ಹೊರಿಸಿದೆ. ಇಷ್ಟನ್ನು ನಿಭಾಯಿಸುವ ಶಕ್ತಿ ನಾಲ್ಕು ಜನರ ಕಾರ್ಖಾನೆಗೆ ಇಲ್ಲ ಎಂದು ಅವರೇ ಹೇಳಿದರು. ಅವನು ಊರಿಗೆ ಬಂದಾಗ ನೋಡಿಕೊಂಡು ಹೋಗಲಿ.

ಕತ್ತಿ ಈಗ ಬೀರುವಿನ ನಡುವಣ ಹಲಗೆಯ ಮೇಲಿದೆ. ಒರೆಯಲ್ಲಿ ತೇವ ನಿಂತು ತುಕ್ಕು ಹಿಡಿಯದಂತೆ ಅಲಗನ್ನು ಹೊರಗೇ ಇಟ್ಟು, ತಿಂಗಳಿಗೊಮ್ಮೆ ತೆಳುವಾಗಿ ಎಣ್ಣೆ ಸವರುತ್ತೇನೆ. ರಸೀದಿಯನ್ನೂ ಅಂಚೆಯ ಚೀಟಿಯನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಅದೇ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ಬೀಟೆ ಮರದ ಹರಾಜಿನ ಕಾಗದದ ನಕಲನ್ನು ಕಳುಹಿಸುವುದಾಗಿ ಯಜಮಾನರು ಹೇಳಿದ್ದಾರೆ, ಅದು ಬಂದರೆ ಆ ಲಕೋಟೆ ತುಂಬಿದಂತಾಗುತ್ತದೆ.